ಬಾಣಂತಿ ಕೋಣೆಯ ಬೆಳ್ಳುಳ್ಳಿ ವಾಸನೆ

ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇದ್ದಾಗ ನಾನು ಮುಂಡರಗಿ ತಾಲೂಕಿನಲ್ಲಿ ಕೃಷಿ ಅಧಿಕಾರಿಯಾಗಿದ್ದೆ. ಜೊತೆಗೆ ಕೀಟನಾಶಕ ಇನ್‌ಸ್ಪೆಕ್ಟರ್ ಎಂಬ ಜವಾಬ್ದಾರಿಯೂ ನನ್ನ ಹೆಗಲಿಗೆ ಬಿದ್ದಿತ್ತು. ಹೊಲದ ಔಷಧದ ಅಂಗಡಿಗಳ ಲೈಸೆನ್ಸ್ ನೋಡುವುದು, ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸುವುದು, ಅನುಮಾನ ಬಂದರೆ ಮಾರಾಟ ನಿಲ್ಲಿಸುವುದು ಆ ಕೆಲಸ. ನಾನು ಮೊದಲೇ ಸಿಡುಕಿ. ನಮ್ಮ ಕಡೆ ಹೊಲಕ್ಕೆ ಹೊಡೆಯುವ ವಿಷವನ್ನು ಜನ ‘ಎಣ್ಣಿ’ ಎನ್ನುತ್ತಾರೆ. ವಿಷಕ್ಕೆ ಎಣ್ಣೆಯೆಂದು ಹೆಸರಿಟ್ಟವರಿಗೆ ಅದರ ಭಯ ಹುಟ್ಟಿಸುವುದು ಹೇಗೆ ಮಾರಾಯ್ರೆ?

ಶ್ರಾವಣದ ಒಂದು ಮುಂಜಾನೆ ಮುಂಡರಗಿಯ ಚನ್ನಪ್ಪನ ಅಂಗಡಿಗೆ ಹೋದೆ. ಜಿಟಿಜಿಟಿ ಮಳೆ ಹಿಡಿದಿತ್ತು. ಕೌಂಟರಿನ ಕೆಳಗೆ ಬಾಯಿ ತೆರೆದ ಒಂದು ಡಬ್ಬಿ ಕಣ್ಣಿಗೆ ಬಿತ್ತು. ಒಳಗೆ ಬೂದು ಬಣ್ಣದ ಗುಳಿಗೆಗಳು, ಅಲ್ಯುಮಿನಿಯಂ ಫಾಸ್ಫೈಡ್. ಗೋದಾಮಿನಲ್ಲಿ ಕಾಳಿಗೆ ಹುಳ ಹತ್ತದಂತೆ, ತರಬೇತಿ ಪಡೆದವರು ಎಲ್ಲ ಬಿಗಿಯಾಗಿ ಮುಚ್ಚಿ ಬಳಸುವ ವಸ್ತು ಅದು. ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ಗ್ಯಾಸ್ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಆ ಗ್ಯಾಸು ಹುಳಕ್ಕೂ ಮನುಷ್ಯರಿಗೂ ಭೇದ ಮಾಡುವುದಿಲ್ಲ. ಸಾಮಾನ್ಯ ಜನರಿಗೆ ಇದನ್ನು ಮಾರಬಾರದೆಂದು ನಿಯಮವಿದೆ. ಚನ್ನಪ್ಪ ಮಾತ್ರ ಪೆಪ್ಪರಮಿಂಟಿನ ಹಾಗೆ ಬಿಡಿಬಿಡಿಯಾಗಿ ಮಾರುತ್ತಿದ್ದ.

“ಏನೋ ಚನ್ನಪ್ಪ, ಕೊರಳಿಗೆ ಉರುಲು ಹಾಕ್ಕೊಳ್ಳಾಕ ಹೊಂಟೀಯೇನು?” ಎಂದು ಗದರಿದೆ.

“ರೈತರು ಕೇಳ್ತಾರ್ರಿ ಅಕ್ಕಾರ. ನಾ ಕೊಡಲಿಲ್ಲಂದ್ರ ಇನ್ನೊಬ್ಬ ಕೊಡ್ತಾನ.”

“ಯಾರ್ಯಾರಿಗೆ ಕೊಟ್ಟೀ ಹೇಳು.”

ಬಿಲ್ಲು ಇಲ್ಲ, ಹೆಸರಿಲ್ಲ. ತಲೆ ಕೆರೆದುಕೊಂಡ. ಆಮೇಲೆ ನಗುತ್ತಲೇ ಹೇಳಿದ: “ನಿನ್ನಿ ಹಿರೇವಡ್ಡಟ್ಟಿ ಫಕೀರಪ್ಪಜ್ಜ ಒಯ್ದಾನ್ರಿ. ಮೊಮ್ಮಗ ಹುಟ್ಯಾನಂತ ಪೇಢೆ ಕೊಟ್ಟ, ಅದಕ್ಕ ನೆನಪೈತಿ. ಬಾಣಂತಿ ಕ್ವಾಣ್ಯಾಗ ಕಡ್ಲಿ ಚೀಲ ಒಟ್ಟೀನಿ, ನುಸಿ ಹತ್ತೈತಿ ಅಂದ.”

ಬಾಣಂತಿ ಕೋಣೆ ಹೇಗಿರುತ್ತದೆಂದು ನನಗೆ ಹೇಳಿಕೊಡಬೇಕೆ? ಎರಡು ಬಾಣಂತನ ಮಾಡಿಸಿಕೊಂಡವಳು ನಾನು. ಗಾಳಿ ಆಡಬಾರದೆಂದು ಕಿಟಕಿ ಸಂದಿಗೂ ಬಟ್ಟೆ ತುರುಕಿರುತ್ತಾರೆ.

ಫಕೀರಪ್ಪಜ್ಜನ ಫೋನ್ ನಂಬರು ಚನ್ನಪ್ಪನ ಹತ್ತಿರ ಇರಲಿಲ್ಲ. ಅಂಗಡಿ ಮುಚ್ಚಿಸಲು ಜೊತೆಗೆ ಬಂದಿದ್ದ ಸಹಾಯಕನನ್ನು ಅಲ್ಲೇ ಬಿಟ್ಟೆ. ಸುತ್ತಲಿನ ಊರುಗಳ ಪಂಚಾಯ್ತಿಗೆ ಹೇಳಿ ಮೈಕಿನಲ್ಲಿ ಕೂಗಿಸು, ಗುಳಿಗೆ ಒಯ್ದವರು ಮನೆಯಿಂದ ಹೊರಬೀಳಲಿ ಎಂದೆ. ಜೀಪು ಹತ್ತಿ ಆಂಬುಲೆನ್ಸಿಗೆ ಫೋನ್ ಮಾಡಿ ಹಿರೇವಡ್ಡಟ್ಟಿಯ ದಾರಿ ಹೇಳಿದೆ. ಪರಿಚಯದ ಡಾಕ್ಟರೊಬ್ಬರಿಗೆ ಫೋನ್ ಮಾಡಿದರೆ ಅವರು, “ಇದಕ್ಕ ಪ್ರತಿವಿಷ ಇಲ್ರಿ ಮೇಡಂ. ಮೊದಲ ಹೊರಗ ತರ್ರಿ, ಹೊರಗ!” ಎಂದರು. ಎರೆಹೊಲದ ನಡುವಿನ ಆ ರಸ್ತೆ ಅಂದು ಮುಗಿಯಲೇ ಇಲ್ಲ. ಪೇಢೆ ಕೊಟ್ಟವನ ನೆನಪಾದರೂ ಚನ್ನಪ್ಪನಿಗೆ ಉಳಿದಿತ್ತು, ಕೊಡದೆ ಗುಳಿಗೆ ಒಯ್ದವರು ಎಷ್ಟು ಜನವೋ ಎನ್ನುವುದೇ ತಲೆಯಲ್ಲಿ ಸುತ್ತುತ್ತಿತ್ತು. ಇನ್ನೂ ಜೋರಾಗಿ ಓಡಿಸು ಎಂದು ಡ್ರೈವರಿಗೆ ಹೇಳುತ್ತಲೇ ಇದ್ದೆ.

ಮೈಕಿನ ಕೂಗು ಆ ಊರಿಗೆ ಇನ್ನೂ ಮುಟ್ಟಿರಲಿಲ್ಲ; ಮನೆ ಮುಂದೆ ಇಳಿದಾಗ ಫಕೀರಪ್ಪಜ್ಜ ಕಟ್ಟೆಯ ಮೇಲೆ ಕೂತಿದ್ದ. ಅವನ ಹೆಂಡತಿ ನೀಲವ್ವ ಬಾಣಂತಿ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

“ಮಗಳು ಹೆಂಗದಾಳಬೇ?”

“ಮುಂಜಾನಿಂದ ವಾಂತಿ ಮಾಡ್ಕೊಳ್ಳಾಕತ್ಯಾಳ್ರಿ. ತಲಿ ಎತ್ತವಲ್ಲಳು. ಕೂಸು ಮಲಿ ಹಿಡೀವಲ್ದು. ದೃಷ್ಟಿ ತಗದೀನಿ, ಕಡಿಮಿ ಆಗ್ತೈತಿ.”

“ದೃಷ್ಟಿ ಅಲ್ಲಬೇ ಇದು, ವಿಷ! ಬಾಗಿಲ ತಗಿ.”

“ಗಾಳಿ ಹೊಕ್ಕು ಸನ್ನಿ ಆದ್ರ ನೀವು ಬಂದು ನೋಡ್ಕೋತೀರೇನ್ರಿ? ಹಸಿ ಬಾಣಂತಿ ಅದಾಳ ಒಳಗ!”

“ಒಳಗ ಬೆಳ್ಳುಳ್ಳಿ ವಾಸನಿ ಬರಾಕತ್ತಿಲ್ಲೇನು?”

ನೀಲವ್ವ ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದಳು. “ಬೆಳ್ಳುಳ್ಳಿ, ಅಜವಾನದ ಹೊಗಿ ಹಾಕೀನಿ. ಬಾಣಂತಿ ಕ್ವಾಣ್ಯಾಗ ಬೆಳ್ಳುಳ್ಳಿ ವಾಸನಿ ಬರದ ಮಲ್ಲಿಗಿ ವಾಸನಿ ಬರ್ತೈತೇನ್ರಿ?”

ಅಯ್ಯೋ ಶಿವನೇ! ಮಾರುವ ಗುಳಿಗೆಯಿಂದ ಬರುವ ಫಾಸ್ಫೀನಿಗೆ ಬೆಳ್ಳುಳ್ಳಿಯಂಥ ವಾಸನೆ ಇರುತ್ತದೆ. ಆ ವಾಸನೆ ಬಂದರೆ ಓಡಿಹೋಗಿ ಎಂದು ನಾವೇ ತರಬೇತಿಯಲ್ಲಿ ಹೇಳಿಕೊಡುತ್ತೇವೆ. ಈ ಮನೆಯಲ್ಲಿ ಅದೇ ವಾಸನೆ ಬಾಣಂತನ ಚೆನ್ನಾಗಿ ನಡೆದಿದೆ ಎನ್ನುವುದಕ್ಕೆ ಗುರುತಾಗಿತ್ತು.

ಅಂಗಡಿಗೆ ನುಗ್ಗುವ ಅಧಿಕಾರವನ್ನು ಕಾಯ್ದೆ ನನಗೆ ಕೊಟ್ಟಿತ್ತು. ಬಾಣಂತಿ ಕೋಣೆಯ ಬಾಗಿಲು ತೆಗೆಸುವ ಅಧಿಕಾರ ಯಾವ ಕಾಯ್ದೆಯಲ್ಲಿದೆ? ನಾನು ಕೇಳುತ್ತ ಕೂರಲಿಲ್ಲ. ನೀಲವ್ವನ ರಟ್ಟೆ ಹಿಡಿದು ಬದಿಗೆ ಸರಿಸಿ, ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳಗೆ ಹೋದೆ. ಸೆರಗು ಆ ಗ್ಯಾಸನ್ನು ತಡೆಯುವುದಿಲ್ಲವೆಂದು ಗೊತ್ತಿತ್ತು, ಆದರೂ ಕೈ ತಾನಾಗಿ ಮೂಗಿಗೆ ಹೋಯಿತು. ಗೋಡೆಯುದ್ದಕ್ಕೂ ಕಡಲೆ ಚೀಲಗಳು. ಮಳೆಗೆ ಹೊರಗೆ ಒಣಗದ ಕೂಸಿನ ಬಟ್ಟೆಗಳನ್ನು ಅವುಗಳ ಮೇಲೆಯೇ ಹರವಿದ್ದರು, ಚೀಲಗಳೆಲ್ಲ ತೇವ. ಮಗಳು ರೇಖಾ ಕಿವಿಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು, ಕಣ್ಣು ಅರೆ ಮುಚ್ಚಿದ್ದವು. ಕೂಸನ್ನು ಎತ್ತಿಕೊಂಡೆ. ಅದು ಅಳಲೇ ಇಲ್ಲ. ಆ ಮೌನಕ್ಕೆ ನಾನು ಹೆದರಿದಷ್ಟು ಜೀವನದಲ್ಲಿ ಯಾವುದಕ್ಕೂ ಹೆದರಿಲ್ಲ.

ಡ್ರೈವರ್ ಮತ್ತು ಪಕ್ಕದ ಮನೆಯವರು ರೇಖಾಳನ್ನು ಹೊರಗೆ ತಂದರು. ಅಷ್ಟರಲ್ಲಿ ಫಕೀರಪ್ಪಜ್ಜ ವಿಷ ಆರಿಸುತ್ತೇನೆಂದು ಕೊಡ ನೀರು ಹೊತ್ತು ಕೋಣೆಯತ್ತ ಓಡಿದ. “ನೀರು ಹಾಕಬ್ಯಾಡೋ ಯಜ್ಜಾ!” ಎಂದು ಇಡೀ ಓಣಿಗೆ ಕೇಳುವಂತೆ ಕಿರುಚಿದೆ. ಅವನು ಬೆಚ್ಚಿ ನಿಂತ. ಕೊಡ ಕೈಜಾರಿ ಅಂಗಳದಲ್ಲೇ ಒಡೆಯಿತು, ಸದ್ಯ! ನೀರು ಬಿದ್ದಿದ್ದರೆ ಉಳಿದ ಗುಳಿಗೆಗಳೂ ಒಮ್ಮೆಗೇ ಗ್ಯಾಸು ಕಾರುತ್ತಿದ್ದವು. ಓಣಿಯನ್ನೇ ಖಾಲಿ ಮಾಡಿಸಿದೆವು. ಜಗುಲಿಯ ಮೇಲೆ, ಬೀಸುವ ಗಾಳಿಯಲ್ಲಿ ಬಾಣಂತಿ ಮಲಗಿದ್ದಳು. ಅದನ್ನು ನೋಡಲಾರದೆ ನೀಲವ್ವ ಎದೆ ಬಡಿದುಕೊಂಡು ನನ್ನನ್ನು ಶಪಿಸುತ್ತಿದ್ದಳು. ಶಪಿಸಲಿ ಬಿಡು ಎಂದುಕೊಂಡೆ.

ಆಂಬುಲೆನ್ಸು ತಾಯಿ-ಕೂಸನ್ನು ಒಯ್ದ ಗದಗಿನ ಆಸ್ಪತ್ರೆಯ ವರಾಂಡದಲ್ಲಿ ಸಂಜೆಯವರೆಗೂ ಕೂತೆವು. ಒಳಗೆ ಕೂಸಿಗೆ ಆಕ್ಸಿಜನ್ ಹಚ್ಚಿದ್ದರು. ಎರಡು ದಿನ ದಾಟಿದ ಮೇಲೆ ಏನಾದರೂ ಹೇಳುತ್ತೇವೆ ಎಂದಿದ್ದರು ಡಾಕ್ಟರು. ಫಕೀರಪ್ಪಜ್ಜ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಆಮೇಲೆ ಕೇಳಿದ:

“ಅಕ್ಕಾರ, ಅದು ಅಷ್ಟ ಕೆಟ್ಟದ್ದಿದ್ರ ನನ್ನಂಥಾವನ ಕೈಯಾಗ ಯಾಕ ಕೊಟ್ರಿ?”

“ಕೊಡಬಾರದು ಅಂತ ಕಾಯ್ದಿ ಐತೋ ಯಜ್ಜಾ.”

“ಇರಬೇಕ್ರಿ. ದಿಲ್ಲ್ಯಾಗ ಇರಬೇಕು. ನಮ್ಮ ಮುಂಡರಗಿ ತನಕಾ ಬಂದಿಲ್ಲ ನೋಡ್ರಿ ಅದು.”

ನಾನು ಚೀಲದಿಂದ ಕಾಗದ ತೆಗೆದು ಚನ್ನಪ್ಪನ ಅಂಗಡಿಯ ವರದಿ ಬರೆಯತೊಡಗಿದೆ.

ತಾಯಿ ಬದುಕಿದಳು. ಕೂಸು ಮೂರನೆಯ ದಿನ ಮೊಲೆ ಹಿಡಿಯಿತು. ಆ ಸುದ್ದಿ ಕೇಳಿ ಕಚೇರಿಯಲ್ಲೇ ಬಿಕ್ಕಿಬಿಕ್ಕಿ ಅತ್ತೆ, ನಾಚಿಕೆ ಆಗಲಿಲ್ಲ. ಮೈಕು ಕೂಗಿದ ಊರುಗಳಲ್ಲಿ ಇನ್ನೂ ಕೆಲವರು ಗುಳಿಗೆ ಒಯ್ದಿದ್ದೇವೆಂದು ಮುಂದೆ ಬಂದರು. ಒಯ್ದವರೆಲ್ಲ ಕೇಳಿಸಿಕೊಂಡರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಚನ್ನಪ್ಪನ ಲೈಸೆನ್ಸ್ ಅಮಾನತಾಯಿತು, ಕೇಸು ಕೋರ್ಟಿಗೆ ಹೋಯಿತು. ಇಂಥ ವಸ್ತುವನ್ನು ತಯಾರಿಸಿದವರಿಂದ ಕೊಂಡವರವರೆಗೆ ಪ್ರತಿ ಡಬ್ಬಿಯ ಜಾಡು ಸಿಗಬೇಕು, ತಾಲೂಕಿಗೆ ಇದೊಂದೇ ಕೆಲಸಕ್ಕೆ ಒಬ್ಬ ಇನ್‌ಸ್ಪೆಕ್ಟರ್ ಬೇಕು, ಆಸ್ಪತ್ರೆಯಲ್ಲಿ ವಿಷದ ಮಾಹಿತಿ ಕೂಡಲೇ ಸಿಗುವ ವ್ಯವಸ್ಥೆ ಬೇಕು ಎಂದು ಮೇಲಿನವರಿಗೆ ಬರೆದೆ. “ಪರಿಶೀಲಿಸಲಾಗುವುದು” ಎಂದರು. ಬೆಂಕಿ ಬಿದ್ದಾಗ ಬಾವಿ ತೋಡುವ ಜನ ನಾವು. ಆರಿದ ಮೇಲೆ ಅದನ್ನೂ ಬಿಡುತ್ತೇವೆ.

ಕಾಯ್ದೆ ಬರೆದವರಿಗೆ ನಾನು ಹೇಳುವುದಿಷ್ಟೆ: ಕಾಯ್ದೆ ಊರಿನತನಕ ನಡೆದು ಹೋಗಲು ಕಾಲು ಬೇಕು. ಆ ಕಾಲು ಅಂದರೆ ಮಳೆಯಲ್ಲಿ ಅಂಗಡಿ ಅಂಗಡಿ ತಿರುಗುವ ಒಬ್ಬ ಮನುಷ್ಯ. ನನ್ನ ಜಾಗಕ್ಕೆ ಬಂದ ಹುಡುಗಿ ಚುರುಕಿದ್ದಾಳೆ. ಮೊನ್ನೆ ಫೋನ್ ಮಾಡಿದ್ದಳು. ಅವಳಿಗೀಗ ಎರಡು ತಾಲೂಕಿನ ಚಾರ್ಜು ಕೊಟ್ಟಿದ್ದಾರಂತೆ. ಮುಂಡರಗಿಗೆ ವಾರಕ್ಕೊಮ್ಮೆ ಬರುತ್ತಾಳೆ.