ಹರಳುಗಟ್ಟದ ಪಾಕ

ಕುದಿಯುವ ಸಕ್ಕರೆ ಪಾಕಕ್ಕೆ ಹಾಲು ಬಿದ್ದಾಗ ಏಳುವ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ, ಈಗಲೂ ನನಗೆ ಪಿರಿಯಾಪಟ್ಟಣದ ನಮ್ಮ ಹಳೆಯ ಮನೆಯ ಅಡುಗೆಕೋಣೆ ಕಾಣುತ್ತದೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಅಜ್ಜಿ ನಿಮ್ಮ ಮನೆಯಲ್ಲೂ ಇದ್ದಿದ್ದರೆ ಆ ವಾಸನೆ ನಿಮಗೂ ಗೊತ್ತು. ಹಾಲು ಕೊಳೆಯನ್ನೆಲ್ಲ ನೊರೆಯಾಗಿ ಮೇಲೆತ್ತುತ್ತಿತ್ತು. ಸೋಸಿದ ಪಾಕವನ್ನು ಸ್ವಲ್ಪಸ್ವಲ್ಪವೇ ಪುಟ್ಟ ಪಾತ್ರೆಯಲ್ಲಿ ಕಾಯಿಸಿ ಕೋಲಿನಿಂದ ಒಂದೇ ಸಮ ತಿರುವುತ್ತಿದ್ದರೆ, ನೀರಿನಂತಿದ್ದದ್ದು ನೋಡನೋಡುತ್ತ ಬೆಳ್ಳಗೆ ಮಂಜಾಗುತ್ತಿತ್ತು. ಆ ಗಳಿಗೆಯಲ್ಲೇ ಮರದ ಅಚ್ಚಿಗೆ ಸುರಿಯಬೇಕು. ಆರಿದ ಮೇಲೆ ಬಿಡಿಸಿದರೆ ಗಿಳಿ, ಆನೆ, ಬಾಳೆಗೊನೆ. ತಿರುವುವ ಕೆಲಸ ಗೌರತ್ತೆಯದು. ಅವಳು ಅಪ್ಪನ ತಂಗಿ. ಹಂಪಾಪುರಕ್ಕೆ ಕೊಟ್ಟಿದ್ದರು, ಮದುವೆಯಾದ ಮರುವರ್ಷವೇ ಗಂಡ ತೀರಿಕೊಂಡು ತವರಿಗೆ ಬಂದಿದ್ದಳು. ನನಗೆ ಜಡೆ ಹೆಣೆಯುವಾಗ ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು, ಯಾರಾದರೂ ಒಳಗೆ ಬಂದರೆ ನಿಲ್ಲಿಸಿಬಿಡುತ್ತಿದ್ದಳು.

ಆ ವರ್ಷ ದೊಡ್ಡಮ್ಮನ ಮಗಳಿಗೆ ಹುಣಸೂರಿನಲ್ಲಿ ಗಂಡು ಗೊತ್ತಾಗಿತ್ತು. ಬೀಗರ ಮನೆಗೆ ಮೊದಲ ಹಬ್ಬದ ತಟ್ಟೆ ಹೋಗಬೇಕು. ಆದರೆ ಅಂಗಡಿಯಿಂದ ಬಂದ ಸಕ್ಕರೆ ಕೆಂಪಗಿತ್ತು. "ಅಚ್ಚು ಮಲ್ಲಿಗೆ ಅಂಗಿರಬೇಕು ಕಣವ್ವ," ಎನ್ನುತ್ತ ಅಜ್ಜಿ ಪಾಕಕ್ಕೆ ನಿಂಬೆಹಣ್ಣು ಹಿಂಡಿದಳು. ಸಾಲದೆಂದು ಇನ್ನೊಂದು ಹಿಂಡಿದಳು. ಎಲ್ಲರೂ ಅಲ್ಲೇ ಇದ್ದೆವು, ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಗೌರತ್ತೆ ತಿರುವಿದಳು, ಬೆವರು ಇಳಿಯುವವರೆಗೆ ತಿರುವಿದಳು. ಪಾಕ ಮಂಜಾಗಲೇ ಇಲ್ಲ. ಹಾಗೆಯೇ ಅಚ್ಚಿಗೆ ಸುರಿದರು. ಬಿಡಿಸಿದರೆ ಗಿಳಿಯೂ ಇಲ್ಲ, ಆನೆಯೂ ಇಲ್ಲ. ಗಾಜಿನಂತೆ ಹೊಳೆಯುವ ಅಂಟು, ಎಳೆದರೆ ದಾರದಂತೆ ಬರುತ್ತಿತ್ತು.

ದೊಡ್ಡಮ್ಮ ಎದ್ದು ನಿಂತಳು. "ಮುಂಡೆ ಕೈ ತಾಗಿದ್ ಪಾಕ ಕಟ್ಕತದಾ? ನನ್ ಮಗಳ ಬಾಳೂ ಇಂಗೇ ಆಗ್ಲಿ ಅಂತವಾ?"

ಗೌರತ್ತೆ ಅಜ್ಜಿಯತ್ತ ತಿರುಗಿದಳು. "ಅವ್ವಾ, ನೀನಾರಾ ಒಂದ್ ಮಾತ್ ಏಳವ್ವಾ."

ಅಜ್ಜಿ ಒಲೆಯ ಕೆಂಡ ನೋಡುತ್ತ ಕೂತಿದ್ದಳು. ಮುಖ ಎತ್ತದೆಯೇ ಅಂದಳು: "ಮದ್ವೆ ಮುಗಿಯೋಗಂಟ ಅಂಪಾಪುರದಲ್ಲಿದ್ದು ಬಾ ಮಗ."

ಹಂಪಾಪುರದಲ್ಲಿ ಅವಳಿಗೆ ಜಾಗವಿರಲಿಲ್ಲ. ಮೈದುನನ ಮನೆಯವರು ಕೊಟ್ಟಿಗೆಯ ಮೂಲೆ ತೋರಿಸಿದರಂತೆ. ಮದುವೆ ಮುಗಿಯಿತು, ಕರೆತರಲು ಯಾರೂ ಹೋಗಲಿಲ್ಲ. ಇವತ್ತು ನಾಳೆ ಎನ್ನುವಷ್ಟರಲ್ಲಿ ಮಳೆಗಾಲ ಹಿಡಿಯಿತು, ಚಳಿಜ್ವರ ಬಂತು, ಅಲ್ಲೇ ಹೋದಳು. ಮಣ್ಣಿಗೆ ಹೋಗಿಬಂದ ಅಪ್ಪ ಸ್ನಾನ ಮಾಡಿ, ಊಟ ಬೇಡವೆಂದು ಜಗಲಿಯಲ್ಲಿ ಮಲಗಿದರು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಅವಳ ಹೆಸರು ಎತ್ತಲಿಲ್ಲ.

ನಾನು ಮಿಡ್ಲ್ ಸ್ಕೂಲಿಗೆ ಬಂದ ಮೇಲೆ, ವಿಜ್ಞಾನದ ಮೇಷ್ಟ್ರು ಒಂದು ದಿನ ಕಲ್ಲುಪ್ಪು, ಪಟಿಕ, ಗಾಜಿನ ಚೂರು, ಅರಗು ಎಲ್ಲವನ್ನೂ ಮೇಜಿನ ಮೇಲಿಟ್ಟರು. ಉಪ್ಪು, ಪಟಿಕ, ಸಕ್ಕರೆ ಇವು ಹರಳುಗಳು, ಒಳಗೆ ಅಣುಗಳು ಗೋಡೆಯ ಇಟ್ಟಿಗೆಯ ಹಾಗೆ ಸಾಲುಸಾಲಾಗಿ ಕೂತಿರುತ್ತವೆ. ಗಾಜು, ಅರಗಿನಲ್ಲಿ ಆ ಸಾಲೇ ಇಲ್ಲ, ಹೇಗೆ ಬಿದ್ದವೋ ಹಾಗೇ ಗಟ್ಟಿಯಾಗಿರುತ್ತವೆ ಎಂದರು. ಸಕ್ಕರೆ ಕೂಡ ಒಮ್ಮೊಮ್ಮೆ ಗಾಜಿನ ಹಾಗೆ ಉಳಿದುಬಿಡುತ್ತದೆ ಎಂದಾಗ ನಾನು ಎದ್ದು ನಿಂತೆ.

"ಯಾಕೆ ಸಾರ್ ಹಾಗಾಗುತ್ತೆ?"

"ಹುಳಿ ಬಿದ್ದಿರುತ್ತಮ್ಮ. ನಿಂಬೆರಸ ಜಾಸ್ತಿಯಾದರೆ ಎಷ್ಟು ತಿರುವಿದರೂ ಹರಳು ಕಟ್ಟೋದಿಲ್ಲ. ಯಾರು ತಿರುವಿದರೂ ಅಷ್ಟೇ."

ಮನೆಗೆ ಬಂದು ಅಜ್ಜಿಗೆ ಹೇಳಿದೆ. ರಾಗಿ ಕೇರುತ್ತಿದ್ದ ಮೊರ ನಿಂತಿತು. "ನಿಂಬೆಹುಳಿಯಾ?" ಎಂದು ಕೇಳಿದಳು. ಮತ್ತೆ ಅದನ್ನೇ ಕೇಳಿದಳು. ಬೆಳಗಾಗುತ್ತಲೇ ನನ್ನ ಕೈ ಹಿಡಿದು ಬಸ್ಸು ಹತ್ತಿದಳು. ಹಂಪಾಪುರದಲ್ಲಿ ಇಳಿದೆವು. ಗೌರತ್ತೆಯ ಮೈದುನ ನಮ್ಮನ್ನು ಹೊಲಕ್ಕೆ ಕರೆದೊಯ್ದ. ಮೊಣಕಾಲೆತ್ತರದ ರಾಗಿ ಗಾಳಿಗೆ ಬಾಗುತ್ತಿತ್ತು. ಅವನು ಕೈ ಬೀಸಿ ತೋರಿಸಿದ: "ಇಲ್ಲೇ ಎಲ್ಲೋ ಮಣ್ ಮಾಡಿದ್ದು ಕಣ್ರವ್ವಾ. ಉತ್ತು ಬಿತ್ತಿದ್ಮೇಲೆ ಗುರ್ತು ಸಿಕ್ಕಕಿಲ್ಲ."

ನಾನು ಒಳಗಿಳಿಯಲು ಹೋದೆ. ಅಜ್ಜಿ ನನ್ನ ರಟ್ಟೆ ಹಿಡಿದು ಬದುವಿಗೆ ಎಳೆದುಕೊಂಡಳು.

"ಬ್ಯಾಡ ಕಣವ್ವ. ಎಲ್ಲವಳೋ ಏನೋ. ತುಳ್ದ್ಬುಟ್ರೆ?"

ಬಿಸಿಲು ಇಳಿಯುವವರೆಗೂ ನಾವಿಬ್ಬರೂ ಆ ಬದುವಿನ ಮೇಲೇ ನಿಂತಿದ್ದೆವು.