ಜಾದೂಗಾರನ ಬೆರಳು

ನಮ್ಮ ಮನೆಯವರು ಕಾಲಿನ ಒಂದು ಬೆರಳು ಕೊಡಲು ಒಪ್ಪಲಿಲ್ಲ. ಅದರಿಂದಲೇ ಸತ್ತರು. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಡುವೆ ಒಂದು ಮಕ್ಕಳ ಪುಸ್ತಕ ಬಂತು, ಅದನ್ನು ಓದಿದವಳು ನಾನು.

ಅವರು ಆಯುಷ್ಯವೆಲ್ಲ ಸವಣೂರಿನ ವೀಳ್ಯದೆಲೆ ಬಳ್ಳಿಯ ತೋಟಗಳಲ್ಲಿ ದುಡಿದವರು. ಏಣಿ ಹತ್ತಿ ಎಲೆ ಕೊಯ್ಯುವುದು ಅವರ ಕೆಲಸ, ಕೊಯ್ದದ್ದನ್ನು ಆರಿಸಿ ಒದ್ದೆ ಅರಿವೆಯಲ್ಲಿ ಕಟ್ಟುವುದು ನನ್ನದು. ಮುಪ್ಪಿನಲ್ಲಿ ಶುಗರ್ ಬಂತು, ಕಣ್ಣು ಮಂಜಾಯಿತು. ಆದರೂ ತೋಟಕ್ಕೆ ಹೋಗುವುದು ಬಿಡಲಿಲ್ಲ. ಒಂದು ದಿನ ಎಡಗಾಲಿನ ಹೆಬ್ಬೆರಳಿಗೆ ಬಿದಿರಿನ ಸೀಳು ಹೊಕ್ಕಿತು. ಗಾಯ ಕೀವಾಗಿ, ಬೆರಳು ಕಪ್ಪಾಯಿತು.

ಶಿಗ್ಗಾಂವಿಯಲ್ಲಿ ತೋರಿಸಿದೆವು. ಡಾಕ್ಟರು ನೇರ ಮನುಷ್ಯ. "ಇವತ್ತಾದ್ರ ಬಟ್ಟು ಹೋಗ್ತೈತಿ. ತಡಾ ಮಾಡಿದ್ರ ಕಾಲು ಹೋಗ್ತೈತಿ. ಇನ್ನೂ ತಡಾ ಮಾಡಿದ್ರ ನನ್ನ ಕೇಳಬ್ಯಾಡ್ರಿ" ಎಂದರು.

ನಮ್ಮವರು ಎದ್ದು ಬಂದುಬಿಟ್ಟರು. "ಏಣಿ ಹತ್ತೂದು ಹೆಬ್ಬಟ್ಟಿನ ಮ್ಯಾಲೆ. ಅದನ್ನ ಕೊಟ್ಟು ನಾ ಏನು ಬಾವಲಿಯಂಗ ಜೋತಾಡ್ಲಿ?"

"ಈ ವಯಸ್ಸಿನ್ಯಾಗ ಯಾವ ಏಣಿರೀ?" ಎಂದೆ. ಕುಂಟುತ್ತ ಬಸ್ಸಿನ ಕಡೆ ನಡೆದರು.

ಮನೆಯಲ್ಲಿ ಮಲಗಿದರು. ಮೊದಲು ಪೇಪರನ್ನು ಅವರು ಓದಿ ನನಗೆ ಹೇಳುತ್ತಿದ್ದರು. ಈಗ ಅವರಿಗೆ ಅಕ್ಷರ ಕಾಣುವುದಿಲ್ಲ, ನನಗೆ ಸರಿಯಾಗಿ ಬರುವುದಿಲ್ಲ. ಮೊಮ್ಮಕ್ಕಳಾದ ಮೇಲೆ ಮುದುಕಿಯರ ಅಕ್ಷರದ ಕ್ಲಾಸಿಗೆ ಹೋಗಿ ಬಸ್ಸಿನ ಬೋರ್ಡು ಓದುವಷ್ಟು ಕಲಿತಿದ್ದೆ. ಪಂಚಾಯ್ತಿ ಲೈಬ್ರರಿಯ ಹುಡುಗಿಯನ್ನು ದೊಡ್ಡ ಅಕ್ಷರದ ಪುಸ್ತಕ ಕೊಡು ಎಂದು ಕೇಳಿದೆ. ಒಬ್ಬ ಹೆಸರಾಂತ ಜಾದೂಗಾರನ ಜೀವನಕಥೆ ಕೊಟ್ಟಳು. ಮಕ್ಕಳ ಪುಸ್ತಕ. ಮುಖಪುಟದ ಮೇಲೆ ಪೇಟ ಸುತ್ತಿದ ಗಂಡಸು, ಕೈಯಲ್ಲಿ ಪಾರಿವಾಳ.

ನಮ್ಮವರಿಗೆ ಎಲ್ಲಿಲ್ಲದ ಹುರುಪು. "ಇವನ್ನ ನಾ ನೋಡೇನಿ. ಲಗ್ನಕ್ಕಿಂತ ಮೊದಲ ಹಾನಗಲ್ಲಾಗ ಡೇರೆ ಹಾಕಿದ್ದ. ಅದ ಮಾರಿ."

"ಕಣ್ಣ ಕಾಣಂಗಿಲ್ಲ, ಮಾರಿ ಹೆಂಗ ಕಂಡ್ತು?"

"ನೀ ಓದ. ಹೆಬ್ಬಟ್ಟು ಒತ್ತಾಕಿ ಓದಾಕತ್ತಾಳ, ನನ್ನ ಹೆಬ್ಬಟ್ಟು ಕಡಿಸಾಕ ನಿಂತಾಳ!"

ಇಬ್ಬರೂ ನಕ್ಕೆವು.

ನಾನು ಓದುವ ರೀತಿ ಹೀಗೆ: ಮೊದಲಿನ ಎರಡು ಅಕ್ಷರ ಹಿಡಿಯುತ್ತೇನೆ, ಉಳಿದದ್ದನ್ನು ಬಾಯಿಂದ ಹಾಕುತ್ತೇನೆ. 'ಪಾರಿ' ಎಂದರೆ ಪಾರಿವಾಳ, 'ಪೆಟ್ಟಿ' ಎಂದರೆ ಪೆಟ್ಟಿಗೆ. ಬಸ್ಸಿಗೆ ಅಷ್ಟು ಸಾಕು. ಪುಸ್ತಕಕ್ಕೂ ಸಾಕು ಅನ್ನಿಸಿತ್ತು. ಅದರಲ್ಲಿ ಎಲ್ಲಿ ನೋಡಿದರೂ ಮಾಯ. ಪಾರಿವಾಳ ಮಾಯವಾಯಿತು, ಉಂಗುರ ಮಾಯವಾಯಿತು. ಆ ಎರಡು ಅಕ್ಷರ ನನಗೆ ಬಾಯಿಪಾಠವಾಗಿಬಿಟ್ಟಿದ್ದವು. ದಿನಕ್ಕೆ ಒಂದೇ ಪುಟ ಓದುತ್ತಿದ್ದೆ.

ನಾಲ್ಕನೆಯ ದಿನದ ಪುಟದಲ್ಲಿ ಜಾದೂಗಾರ ಇನ್ನೂ ಚಿಕ್ಕ ಹುಡುಗ. ಕತ್ತಿಯ ಆಟ ಕಲಿಯುವಾಗ ಬೆರಳು ಕೊಯ್ದುಕೊಳ್ಳುತ್ತಾನೆ. ಕೀವಾಗುತ್ತದೆ, ತಾಯಿ ಅಳುತ್ತಾಳೆ. ನಮ್ಮವರು ದಿಂಬಿನಿಂದ ತಲೆ ಎತ್ತಿದರು. ಪುಟದ ಕೊನೆಯ ಸಾಲಿನಲ್ಲಿ 'ಗಾಯ ಮಾಯ' ಎಂದಿತ್ತು.

"ಗಾಯ ಮಾಯಿತು" ಎಂದು ಓದಿದೆ.

"ಕೇಳಿದೇನು? ಅವಂದು ಮಾಯ್ತು. ಕಡೀಲಿಲ್ಲ ಏನಿಲ್ಲ. ನಂದೂ ಮಾಯ್ತೈತಿ."

"ಅಂವ ಎಳೇ ಹುಡುಗ. ನಿಮಗ ಶುಗರ್ ಐತಿ."

"ಛಾಪಿಸ್ಯಾರ ಅಂದ್ರ ನೋಡೇ ಛಾಪಿಸಿರ್ತಾರಲೇ ಹುಚ್ಚಿ."

ಮರುದಿನ, "ಬ್ಯಾನಿ ಮಾತು ಮುಗೀತು, ಆನಿ ಮಾಯ ಮಾಡೂದು ಓದು" ಎಂದರು. ಆನೆಯ ಚಿತ್ರ ಹುಡುಕಿ ಅಲ್ಲಿಂದ ಓದಿದೆ. ನಡುವಿನ ಪುಟಗಳನ್ನು ಬಿಟ್ಟೆ.

ಆ ವಾರ ಹಿರೇಕೆರೂರಿನಿಂದ ಮಗಳು ಬಂದಳು. ಅಪ್ಪನನ್ನು ಹುಬ್ಬಳ್ಳಿಗೆ ಒಯ್ಯಬೇಕೆಂದು ಬಾಡಿಗೆ ಗಾಡಿ ತಂದಿದ್ದಳು. ಹಿಂದಿನ ಸೀಟಿನಲ್ಲಿ ಕೌದಿ ಹಾಸಿಕೊಂಡೇ ಬಂದಿದ್ದಳು.

"ಎಲ್ಲೂ ಬರಂಗಿಲ್ಲ" ಎಂದರು ಇವರು. "ಕಡೀಲಾರ್ದ ಮಾಯ್ತೈತಿ. ನಿಮ್ಮವ್ವ ಓದ್ಯಾಳ, ಕೇಳ ಆಕಿನ್ನ."

ಮಗಳು ನನ್ನ ಕಡೆ ನೋಡಿದಳು. "ಹೌದೇನಬೇ?"

"ಹೂಂ, ಹಂಗ ಬರದಾರ" ಎಂದೆ. ನನಗೂ ಅವರು ಹುಬ್ಬಳ್ಳಿಗೆ ಹೋಗಬೇಕು ಎಂದೇ ಇತ್ತು. ಆದರೆ ಬರೆದದ್ದನ್ನು ಇಲ್ಲ ಎನ್ನುವುದು ಹೇಗೆ? ಮಗಳು ಒಂದು ತಾಸು ಗುದ್ದಾಡಿ, ಅತ್ತು, ಖಾಲಿ ಗಾಡಿಯಲ್ಲಿ ತಿರುಗಿ ಹೋದಳು.

ಮೂರು ವಾರ ಕಳೆಯುವುದರೊಳಗೆ ಜ್ವರ ಏರಿತು, ಪಾದ ಕಪ್ಪಾಯಿತು. ಆಗ ಹುಬ್ಬಳ್ಳಿಗೆ ಒಯ್ದೆವು. ಮೊಣಕಾಲಿನ ಕೆಳಗೆ ತೆಗೆದರು. ವಿಷ ಅದಾಗಲೇ ರಕ್ತಕ್ಕೆ ಇಳಿದಿತ್ತು. ಮನೆಗೆ ಹೆಣ ತಂದೆವು.

ದಿನಕರ್ಮ ಮುಗಿದು ಬೀಗರೆಲ್ಲ ಹೋದ ಮೇಲೆ ಪುಸ್ತಕ ತಿರುಗಿ ಕೊಡಬೇಕೆಂದು ನೆನಪಾಯಿತು. ಕೊಡುವ ಮೊದಲು ಪೂರಾ ಓದೋಣ ಎಂದು ಹೊಸ್ತಿಲಲ್ಲಿ ಕುಳಿತೆ. ಅವಸರ ಮಾಡುವವರು ಯಾರೂ ಇರಲಿಲ್ಲ. ಹೀಗಾಗಿ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದೆ. ಆ ಪುಟ ಬಂತು. 'ಗಾಯ ಮಾಯ', ಅದರ ಮುಂದೆ ಒಂದು ಸಣ್ಣ ಗೆರೆ. ಪುಟ ತಿರುವಿದೆ. ಮೇಲ್ಗಡೆ ಮೊದಲ ಅಕ್ಷರ 'ದೆ'.

ಗಾಯ ಮಾಯದೆ ಹೋದುದರಿಂದ ವೈದ್ಯರು ಆ ಬೆರಳನ್ನು ತೆಗೆದರು. ಹುಡುಗ ಬದುಕಿದ. ಒಂಬತ್ತೇ ಬೆರಳಿನಲ್ಲಿ ಎಲ್ಲ ಆಟ ಕಲಿತ. ಕೆಳಗೆ ಚಿತ್ರವೂ ಇತ್ತು: ಎರಡೂ ಕೈ ಅಗಲಿಸಿ ನಗುತ್ತಿದ್ದಾನೆ, ಒಂದು ಬೆರಳಿಲ್ಲ.

ಅವರಿಗೆ ಹೇಳಬೇಕಾಗಿದ್ದ ಮಾತು ಅದೊಂದೇ. ನಾನು ಹೇಳಿದರೆ ಕೇಳುತ್ತಿರಲಿಲ್ಲ, ಡಾಕ್ಟರು ಹೇಳಿದರೂ ಕೇಳಲಿಲ್ಲ. ಆ ಜಾದೂಗಾರ ಹೇಳಿದ್ದರೆ ಕೇಳುತ್ತಿದ್ದರು.

ಮಗಳಿಗೆ ಫೋನ್ ಮಾಡಿ ಹೇಳಿದೆ.

"ಬಿಡಬೇ ಯವ್ವಾ" ಎಂದಳು. "ಅಪ್ಪ ಹೆಂಗೂ ಒಪ್ತಿದ್ದಿಲ್ಲ."

"ಒಪ್ತಿದ್ರು."

"ನಾ ಗಾಡಿ ತಂದಿದ್ನಲ್ಲಬೇ" ಎಂದಳು.

ಫೋನ್ ಇಟ್ಟುಬಿಟ್ಟೆ.

ಮರುದಿನ ಲೈಬ್ರರಿಗೆ ಹೋದೆ. ಆ ಪುಟ ತೆಗೆದು ಹುಡುಗಿಯ ಮುಂದೆ ಹಿಡಿದು, "ಇಲ್ಲಿಂದ ಓದ ನನ್ನವ್ವಾ" ಎಂದೆ. ಈ ಸಲವೂ ನನ್ನ ಕಣ್ಣು ತಪ್ಪಿರಲಿ ಎಂಬ ಆಸೆ. ಹುಡುಗಿ ಸಾಲೆಯ ಹುಡುಗರಂತೆ ಗಟ್ಟಿಯಾಗಿ ಓದಿದಳು. "ಗಾಯ ಮಾಯದೆ ಹೋದುದರಿಂದ..."

"ಇನ್ನೊಮ್ಮೆ ಓದ."

ಇನ್ನೊಮ್ಮೆ ಓದಿದಳು. ಹಾಗೆಯೇ ಇತ್ತು.

"ಯಾಕ ಅಜ್ಜಿ, ತಪ್ಪೇನರ ಛಾಪ್ಯಾರೇನು?"

"ಇಲ್ಲವ್ವಾ. ಅವರು ಸರಿ ಛಾಪ್ಯಾರ."