ಬೇಗ ತಿಳಿಯಾದ ಬಾವಿ

ಆ ವರ್ಷ ಕಾಲರಾ ಬಂದಾಗ ನಾನು ಮೈಸೂರಿನ ಒಂದು ಪತ್ರಿಕೆಗೆ ಪುರಸಭೆಯ ಸುದ್ದಿ ಬರೆಯುತ್ತಿದ್ದೆ. ಮಂಡಿ ಮೊಹಲ್ಲಾದ ನಮ್ಮ ಓಣಿಗೆ ಇನ್ನೂ ನಲ್ಲಿ ಬಂದಿರಲಿಲ್ಲ. ಪುರಸಭೆಯವರು ಮನೆಮನೆಯ ಬಾವಿಗೆ ಕೆಂಪು ಔಷಧಿ ಹಾಕಿಸುತ್ತಿದ್ದರು. ಬಣ್ಣ ಇಳಿದು ನೀರು ತಿಳಿಯಾದ ಮೇಲೆ ಕುಡಿಯಬಹುದು ಎಂದು ತಮಟೆ ಹೊಡೆಸಿ ಸಾರಿದ್ದರು.

ನಮ್ಮ ಮನೆಗೆ ಔಷಧಿಯವನು ಬಂದದ್ದು ಏಕಾದಶಿಯ ದಿನ. ವಿಧವೆಯಾಗಿ ನಮ್ಮಲ್ಲೇ ಇದ್ದ ಸೋದರತ್ತೆ ಅಂದು ನೀರೂ ಮುಟ್ಟದೆ ಉಪವಾಸವಿದ್ದರು. ಬಾವಿಕಟ್ಟೆಗೆ ಅಡ್ಡ ನಿಂತರು.

"ನಾಳೆ ದ್ವಾದಶಿ. ನನ್ನ ಪಾರಣೆ ಆಗ್ಲಿ, ಆಮೇಲೆ ಬಂದು ನಿನ್ನ ಓಕುಳಿ ಕದಡು."

"ಇನ್ಸ್‌ಪೆಕ್ಟ್ರು ಬೈತಾರೆ ಕಣಮ್ಮ."

"ಬೈದ್ರೆ ನನ್ನ ಹತ್ರ ಕಳಿಸು. ಅವರಿಗೂ ಒಂದು ಏಕಾದಶಿ ಮಾಡಿಸ್ತೀನಿ."

ಅವನು ನಕ್ಕು, ಔಷಧಿ ಹಾಕಿದ್ದಾಗಿ ಪಟ್ಟಿಯಲ್ಲಿ ಗುರುತು ಮಾಡಿಕೊಂಡು ಹೋದ. ನಾನು ಹಿತ್ತಲ ಬಾಗಿಲಲ್ಲಿದ್ದೆ, ನೋಡಿದೆ. ಸಂಜೆ ಅದೇ ಪಟ್ಟಿ ನಮ್ಮ ಪತ್ರಿಕೆಯ ಕಚೇರಿಗೆ ಬಂತು. ಪಟ್ಟಿಯಲ್ಲಿದ್ದಂತೆ ಬರೆದೆ: ಮೊಹಲ್ಲಾದ ಎಲ್ಲ ಬಾವಿಗಳಿಗೂ ಔಷಧಿ ಹಾಕಿ ಮುಗಿದಿದೆ. ಸರ್ಕಾರಿ ಪಟ್ಟಿಗೆ ಮನೆಯ ಮಾತು ಬೆರೆಸಬಾರದೆಂಬುದು ನಮ್ಮಲ್ಲಿನ ನಿಯಮ.

ಮರುದಿನ ಬೆಳಿಗ್ಗೆ ಎದುರುಮನೆಯ ದರ್ಜಿಯ ಹೆಂಡತಿ ಕೊಡ ಹಿಡಿದು ಬಂದರು. ಅವರದು ಇಗರ್ಜಿಗೆ ನಡೆದುಕೊಳ್ಳುವ ಮನೆ. ಅವರ ಬಾವಿ ಇನ್ನೂ ಕೆಂಪಗಿತ್ತು.

"ನಿಮ್ದು ಆಗ್ಲೇ ತಿಳಿಯಾಗ್ಬುಟ್ಟಿದೆಯಲ್ಲ ದೊಡ್ಡಮ್ಮ."

"ನಮ್ದು ಯಾವತ್ತೂ ತಿಳೀನೇ ಕಣಮ್ಮ," ಎಂದ ಅತ್ತೆ, ಕೊಡ ಸೋಕದಂತೆ ಮೇಲಿನಿಂದ ನೀರು ಹುಯ್ದರು.

ಆಕೆ ನನ್ನತ್ತ ತಿರುಗಿದರು. "ಎಲ್ಲಾ ಬಾವಿಗೂ ಆಯ್ತು ಅಂತ ಪೇಪರ್‌ನಲ್ಲಿ ಹಾಕಿದ್ದೀರಂತೆ. ನಮ್ಮನೆಯವರು ಓದಿ ಹೇಳಿದ್ರು."

"ಹೌದು," ಎಂದೆ. ಪೇಪರ್‌ನಲ್ಲಿ ಹಾಕಿದ್ದು ನಿಜವಾಗಿತ್ತು. ಅಷ್ಟರಲ್ಲಿ ಕೊಡ ತುಂಬಿತು.

ಮೂರನೆಯ ದಿನ ಆಕೆಗೆ ವಾಂತಿಭೇದಿ ಶುರುವಾಯಿತು. ಊರಾಚೆಯ ಕಾಲರಾ ಶೆಡ್ಡಿಗೆ ಎತ್ತಿನ ಗಾಡಿಯಲ್ಲಿ ಸಾಗಿಸಿದರು. ಮರುದಿನ ಬೆಳಿಗ್ಗೆ ತೀರಿಕೊಂಡರು. ಅದೇ ನೀರಿನಲ್ಲಿ ಪಾರಣೆ ಮಾಡಿದ ಅತ್ತೆಗೆ ಏನೂ ಆಗಲಿಲ್ಲ.

ದರ್ಜಿ ಮಣ್ಣು ಮುಗಿಸಿ ನೇರ ನಮ್ಮ ಮನೆಗೆ ಬಂದರು. ಕೂರಲಿಲ್ಲ.

"ಎಲ್ಲಾ ಬಾವಿಗೂ ಹಾಕಿದ್ರಲ್ಲ ಸ್ವಾಮಿ. ಮತ್ತೆ ಎಲ್ಲಿಂದ ಬಂತು?"

"ಗೊತ್ತಿಲ್ಲ," ಎಂದೆ.

"ಪೇಪರ್‌ನವರು ನಿಮ್ಗೇ ಗೊತ್ತಿಲ್ಲಾಂದ್ರೆ ಇನ್ಯಾರಿಗೆ ಗೊತ್ತಿರ್ತದೆ," ಎಂದರು. ಚುಚ್ಚುಮಾತಲ್ಲ, ನಂಬಿಯೇ ಹೇಳಿದರು. ಅವರ ಕೊರಳಲ್ಲಿ ಇನ್ನೂ ಅಳತೆಪಟ್ಟಿ ನೇತಾಡುತ್ತಿತ್ತು. ತೆಗೆದಿಡುವುದು ಮರೆತಿರಬೇಕು.

ಮಧ್ಯಾಹ್ನ ಹೋಗಿ ಔಷಧಿಯವನನ್ನು ಕರೆತಂದೆ.

"ನಿಮ್ದು ಪಟ್ಟೀಲಿ ಆಗೋಗಿದೆಯಲ್ಲ ಸ್ವಾಮಿ."

"ಹಾಕಪ್ಪ."

ಅತ್ತೆ ಅಡ್ಡ ಬರಲಿಲ್ಲ. ಬಣ್ಣ ಎಷ್ಟು ದಿನಕ್ಕೆ ಇಳಿಯುತ್ತದೆ ಎಂದಷ್ಟೇ ಕೇಳಿದರು. ಸಂಜೆ ಕಚೇರಿಯಲ್ಲಿ ಕುಳಿತು ನಮ್ಮ ಓಣಿಯ ಸಾವನ್ನು ಒಂದೇ ಸಾಲಿನಲ್ಲಿ ಬರೆದೆ. ಬಾವಿಯ ಸಂಗತಿ ಬರೆಯಲಿಲ್ಲ.